ಹಲಗೆಯಕ್ಕ ಕೇಳಿ ಪಡೆದ ಖಾಲಿ ಜಾಗ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯ ದಾಖಲೆ ಕೋಣೆಯಲ್ಲಿ ಟ್ಯೂಬ್‌ಲೈಟ್ ಎರಡು ಸಲ ಕಣ್ಣು ಮಿಟುಕಿಸಿ ಹೊತ್ತಿಕೊಳ್ಳುತ್ತದೆ. ಹಲಗೆಯಕ್ಕ ಏಣಿ ಹತ್ತಿ ರೋಗಿಯೊಬ್ಬರ ಫೈಲು ಎಳೆದು, ಅದು ಬಿಟ್ಟ ಸಂದಿಗೆ ಅಷ್ಟೇ ಎತ್ತರದ ಹಲಗೆಯೊಂದನ್ನು ತೂರಿಸುತ್ತಾರೆ. ಹಲಗೆಯ ತುದಿಯಲ್ಲೊಂದು ಚೀಟಿ: ಫೈಲು ಈಗ ಯಾವ ಡಾಕ್ಟರ ಬಳಿ ಇದೆ ಎಂದು. ದಿನಕ್ಕೆ ನೂರೆಂಬತ್ತು ಫೈಲು, ನೂರೆಂಬತ್ತು ಹಲಗೆ. ಹೆಸರು ಬಂದದ್ದೇ ಹಾಗೆ.

ಇಪ್ಪತ್ತಾರು ವರ್ಷಗಳ ಹಿಂದೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಫೈಲು ನಾಲ್ಕು ದಿನ ಕಾಣೆಯಾಗಿ ಆಪರೇಷನ್ನೊಂದು ಮುಂದಕ್ಕೆ ಹೋಗಿತ್ತು. ಫೈಲು ಇದ್ದದ್ದು ಡಾಕ್ಟರ ಕಾರಿನಲ್ಲಿ, ಬೈಗುಳ ಬಿದ್ದದ್ದು ಇವರಿಗೆ. ಬಡಗಿಯಾಗಿದ್ದ ಗಂಡ ಔಷಧದ ಮರದ ಪೆಟ್ಟಿಗೆಗಳನ್ನು ಸೀಳಿ ಹಲಗೆ ಮಾಡಿಕೊಟ್ಟರು. ಗರಗಸ ಜಾರಿ ಮೊದಲನೆಯದರ ಮೂಲೆ ಮುರಿಯಿತು; ಅದು ಇಂದಿಗೂ ಬಳಕೆಯಲ್ಲಿದೆ. "ಫೈಲು ಹೋಗೋದು ತಪ್ಪಲ್ಲ. ಹೋಗಿದೆ ಅಂತ ಗೊತ್ತಾಗ್ಬೇಕು, ಅಷ್ಟೇ" ಎನ್ನುತ್ತಾರೆ ಅಕ್ಕ.

ಬರುವ ಸೋಮವಾರದಿಂದ ಇಡೀ ಕೋಣೆ ಕಂಪ್ಯೂಟರಿನೊಳಗೆ ಹೋಗಲಿದೆ. ಪರದೆಯನ್ನು ರೂಪಿಸುತ್ತಿರುವ ಯುವತಿ ಒಂದು ವಾರ ಇಲ್ಲೇ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಬರೆದುಕೊಂಡಿದ್ದಳು. ಕಂಡು ಗೊತ್ತಿರುವ ವಸ್ತುವಿನ ಚಿತ್ರವಿದ್ದರೆ ಬೆರಳು ತಾನೇ ದಾರಿ ಹುಡುಕಿಕೊಳ್ಳುತ್ತದೆ ಎಂಬುದು ಅವಳ ನಂಬಿಕೆ. ಹಾಗಾಗಿ ಪರದೆಯಲ್ಲೂ ಅದೇ ಕಪಾಟು, ಅದೇ ಬಣ್ಣದ ಬೆನ್ನಿನ ಫೈಲುಗಳು.

ಬುಧವಾರ ಅಕ್ಕ ಅದನ್ನು ಮೊದಲ ಸಲ ನೋಡಿದರು. "ಏಣಿ ಬಿಟ್ಟೆ, ಧೂಳು ಬಿಟ್ಟೆ, ಒಳ್ಳೇದಾಯ್ತು. ಹಲಗೆ ಯಾಕಮ್ಮ ಬಿಟ್ಟೆ?"

"ಇಲ್ಲಿ ಫೈಲು ಎಲ್ಲೂ ಹೋಗಲ್ಲ ಅಕ್ಕಾ. ಹತ್ತು ಜನ ಒಟ್ಟಿಗೇ ತೆಗೀಬಹುದು."

"ಹತ್ತು ಜನ ಒಟ್ಟಿಗೇ ಬರೆದ್ರೆ?"

ಯುವತಿ ಪಕ್ಕದ ಕಂಪ್ಯೂಟರನ್ನೂ ಆನ್ ಮಾಡಿದಳು. ಇಬ್ಬರೂ ಎರಡು ಕಂಪ್ಯೂಟರುಗಳ ಮುಂದೆ ಕೂತು, ಪರೀಕ್ಷೆಗೆಂದು ಸೃಷ್ಟಿಸಿದ ಒಬ್ಬನೇ ರೋಗಿಯ ಫೈಲು ತೆರೆದರು. ಅಕ್ಕ ಒಂದೇ ಬೆರಳಲ್ಲಿ 'ಪೆನಿಸಿಲಿನ್ ಕೊಡಬಾರದು' ಎಂದು ಕುಟ್ಟಿ ಉಳಿಸಿದರು. ಯುವತಿ 'ಜ್ವರ ಇಲ್ಲ' ಎಂದು ಬರೆದು ಉಳಿಸಿದಳು. ಮತ್ತೆ ತೆರೆದಾಗ ಜ್ವರದ ಸಾಲು ಮಾತ್ರ ಇತ್ತು. ಪೆನಿಸಿಲಿನ್ ಸಾಲು ಅಳಿಸಿಹೋಗಿತ್ತು.

"ಪುಣ್ಯಕ್ಕೆ ಇವನು ಹುಟ್ಟೇ ಇಲ್ಲ" ಎಂದರು ಅಕ್ಕ. "ಹುಟ್ಟಿದ್ರೆ ಇಷ್ಟೊತ್ತಿಗೆ ನಮ್ಮ ಕೈಯಲ್ಲೇ ಹೋಗಿರ್ತಿದ್ದ."

ಇಂದು ಶನಿವಾರ, ಮರದ ಹಲಗೆಗಳಿಗೆ ಕೊನೆಯ ದಿನ. ನಿದ್ದೆಗೆಟ್ಟ ಕಣ್ಣುಗಳ ಯುವತಿ ಪರದೆಯಲ್ಲಿ ಫೈಲೊಂದನ್ನು ತೆರೆಯುತ್ತಾಳೆ. ಪಕ್ಕದ ಕಂಪ್ಯೂಟರಿನ ಕಪಾಟಿನಲ್ಲಿ ಆ ಫೈಲಿನ ಜಾಗ ಖಾಲಿಯಾಗಿ, ಕಂದು ಹಲಗೆಯೊಂದು ನಿಲ್ಲುತ್ತದೆ. ಅದರ ಮೇಲೆ ಆಕೆಯ ಹೆಸರಿನ ಚೀಟಿ. ಅಕ್ಕ ಅದನ್ನು ಒತ್ತುತ್ತಾರೆ. ಓದಲು ಬರುತ್ತದೆ, ಬರೆಯಲು ಬರುವುದಿಲ್ಲ. ಮತ್ತೆ ಮತ್ತೆ ಒತ್ತಿ ನೋಡುತ್ತಾರೆ.

ಆಮೇಲೆ ಗಾಜಿನ ಮೇಲೆ ಅವರ ಬೆರಳು ನಿಧಾನಕ್ಕೆ ಮೇಲೇರಿ, ಹಲಗೆಯ ಮುರಿದ ಮೂಲೆಯಲ್ಲಿ ನಿಲ್ಲುತ್ತದೆ.

"ನಮ್ಮೆಜಮಾನ್ರ ಗರಗಸ ಜಾರಿದ್ದನ್ನೂ ಬಿಟ್ಟಿಲ್ವಲ್ಲೇ."

ಬೇರೆ ಏನಾದರೂ ಬೇಕಿತ್ತಾ ಎಂದು ಯುವತಿ ಕೇಳುತ್ತಾಳೆ. ಅಕ್ಕ ಪರದೆಯ ಹಲಗೆಯನ್ನು ತೋರಿಸುತ್ತಾರೆ. "ಹೊಸ ಡಾಕ್ಟರುಗಳು ಇದೇನು ಅಂತ ಕೇಳೇ ಕೇಳ್ತಾರೆ. ಫೈಲು ಒಬ್ಬರ ಕೈಯಲ್ಲಿದೆ, ಚೂರು ತಡೀರಿ ಅಂತ ಹೇಳಿಬಿಡು. ನಾನೂ ಅಷ್ಟೇ ಹೇಳ್ತಿದ್ದಿದ್ದು."