ನಾಲ್ಕನೇ ತುಕಡಿ

ಬೇಡಗ ಊರಿನ ನಮ್ಮ ಹೊಲಕ್ಕೆ ದ್ರಾಕ್ಷಿ ಇನ್ನೂ ಕಾಲಿಡದ ದಿನಗಳವು. ಸಂಕ್ರಾಂತಿ ಹತ್ತಿರ ಬಂತೆಂದರೆ ಜೋಳದ ಎಳೆ ತೆನೆಯನ್ನು ಕೆಂಡದಲ್ಲಿ ಸುಟ್ಟು ಸೀತನಿ ತಿನ್ನುವುದೇ ನಮ್ಮ ಕೆಲಸ. ಲಂಗಕ್ಕೆಲ್ಲ ಹೊಗೆಯ ವಾಸನೆ. ಆ ವರ್ಷ ಫೌಜಿನಿಂದ ರಜೆಗೆ ಬಂದ ಕಾಕಾ ಹೊಲ ಕಾಯಲು ಮಕ್ಕಳದೇ ಒಂದು ಸೈನ್ಯ ಕಟ್ಟಿದ.

"ಗಿಳಿ ಒಂದ ವೈರಿ ಅಂತ ತಿಳೀಬ್ಯಾಡ್ರಿ," ಅಂದ. "ನಾಳೆ ದನಾ ನುಗ್ಗತಾವು, ನಾಡಿದ್ದ ಬೆಂಕಿ ಬೀಳತೈತಿ. ಒಂದೊಂದ ಲಢಾಯಿಗೆ ಒಂದೊಂದ ತುಕಡಿ ಬೇಕು."

ನೆಲದ ಮೇಲೆ ಮೂರು ಗೆರೆ ಎಳೆದ. ಗಿಳಿಗೆ ಕವಣೆ, ದನಕ್ಕೆ ಬಡಿಗೆ, ಬೆಂಕಿಗೆ ಬಕೀಟು. ನಮ್ಮದು ಜೈನರ ಮನೆ. "ಹಕ್ಕಿಗೆ ತಾಗಿದ್ರ ಊಟಾ ಇಲ್ಲ," ಎಂದು ಅಜ್ಜಿ ಕಲ್ಲು ಕಸಿದು ಮಣ್ಣಿನ ಹೆಂಟೆ ಕೊಟ್ಟಳು. ಮೇಲಾಗಿ ಹೊತ್ತು ಮುಳುಗುವ ಮೊದಲೇ ಇಡೀ ಸೈನ್ಯ ಊಟಕ್ಕೆ ಹಾಜರಾಗಬೇಕು. ಕಾಕಾ ಹಣೆ ಬಡಿದುಕೊಂಡ.

ಕವಣೆಯ ಮೇಲೆ ನನಗೆ ಪ್ರಾಣ. ಸಿಕ್ಕಿದ್ದು ಎಣ್ಣೆಯ ಖಾಲಿ ಡಬ್ಬಿ. ಹೊಲದ ನಡುವಿನ ಅಟ್ಟಣಿಗೆ ಮೇಲೆ ಕೂತು ಗಿಳಿಗೆ ಒಂದೇಟು, ದನಕ್ಕೆ ಎರಡು, ಬೆಂಕಿಗೆ ಮೂರು ಬಾರಿಸಬೇಕು.

"ಚಲೋತ್ನ್ಯಾಗ ಕಾದರ ಕವಣಿ ನಿಂದ," ಎಂದಿದ್ದ ಕಾಕಾ.

ಮೂರನೆಯ ದಿನ ಬೇಲಿ ಸರಿಸಿ ಕುರಿಗಾರರ ಹುಡುಗಿಯೊಬ್ಬಳು ಒಳಬಂದಳು. ನನ್ನದೇ ವಯಸ್ಸು, ಕಂಕುಳಲ್ಲಿ ಮರಿ. ಹಸಿ ತೆನೆ ಮುರಿದು ಹಾಗೇ ತಿನ್ನತೊಡಗಿದಳು. ಡಬ್ಬಿಗೆ ಕೋಲೆತ್ತಿದೆ. ಎಷ್ಟು ಏಟು ಅಂತ ತಿಳಿಯಲಿಲ್ಲ. ಕೆಳಗಿಳಿದು, ನನ್ನ ಪಾಲಿನ ಸೀತನಿಯನ್ನು ಬೆಲ್ಲದ ಚೂರಿನ ಜೊತೆ ಅವಳ ಉಡಿಗೆ ಸುರಿದೆ.

ಅಣ್ಣ ನೋಡಿಬಿಟ್ಟಿದ್ದ. "ಕಾಕಾ, ಇಕೀ ವೈರಿಗೆ ತಿನ್ನಾಕ ಕೊಟ್ಟಾಳ."

ಕವಣೆ ಹೋಯಿತೆಂದು ನನಗೆ ಅಳುವೇ ಬಂತು.

"ಯಾಕ ಬಾರಿಸಲಿಲ್ಲ?" ಕಾಕಾ ಕೇಳಿದ.

"ಹಸದಿದ್ಲು ಕಾಕಾ. ಹಸಿವಿಗೆ ಎಷ್ಟ ಏಟು ಅಂತ ನೀವು ಹೇಳಿರಲಿಲ್ರಿ."

ಕಾಕಾ ನೆಲಕ್ಕೆ ಬಗ್ಗಿದ. ಮೂರು ಗೆರೆಗಳ ಪಕ್ಕದಲ್ಲಿ ಇನ್ನೊಂದು ಎಳೆದ. "ತಪ್ಪ ನಂದ. ನಾಕನೇ ತುಕಡಿ ಮರತಿದ್ನಿ. ಅದರ ಸುಬೇದಾರ ನೀನ."

ಕವಣೆ ಸಿಗಲಿಲ್ಲ. ಬೇಕೆಂದೂ ಅನ್ನಿಸಲಿಲ್ಲ.

ಈಗ ಅಲ್ಲಿ ಅಣ್ಣನ ದ್ರಾಕ್ಷಿ ತೋಟ. ಗಿಳಿಗೆ ಬಲೆ, ದನಕ್ಕೆ ತಂತಿಬೇಲಿ, ಬೆಂಕಿಗೆ ನೀರಿನ ಪೈಪು, ಮೇಲೆ ಗೇಟಿಗೆ ಕ್ಯಾಮೆರಾ. ಕಾಕಾನ ಮೂರೂ ಗೆರೆಗೆ ಬಂದೋಬಸ್ತು ಆಗಿದೆ. ಹೋದ ವರ್ಷ ಹಣ್ಣಿನ ಕಾಲಕ್ಕೆ ಹೋಗಿ, ಮನೆಯ ಹಿತ್ತಿಲಿನಿಂದ ತೋಟದೊಳಗೆ ಬಂದಿದ್ದೆ. ರಸ್ತೆಯಲ್ಲಿ ಕುರಿಹಿಂಡು ಬಂತು. ಅದರ ಹಿಂದಿದ್ದ ಪುಟ್ಟ ಹುಡುಗಿ ತಂತಿಗೆ ಮುಖ ಹಚ್ಚಿ ಗೊನೆಗಳನ್ನೇ ನೋಡುತ್ತ ನಿಂತಳು. ಒಂದು ಗೊನೆ ಕಿತ್ತುಕೊಂಡು ಓಡಿದೆ. ರಸ್ತೆ ಕಡೆಯ ಗೇಟಿಗೆ ಬೀಗ. ಕೀಲಿ ಅಣ್ಣನ ಹತ್ತಿರ, ಅಣ್ಣ ಮಿರಜದಲ್ಲಿ. ತಂತಿಯ ಕಣ್ಣಿನಲ್ಲಿ ಗೊನೆ ಹಿಡಿಸಲಿಲ್ಲ. ಒಂದೊಂದೇ ಹಣ್ಣು ತೂರಿಸಿ ಕೊಟ್ಟೆ. ನಾಲ್ಕೋ ಐದೋ ಆಗಿರಬೇಕು, ಕುರಿಗಳು ಮುಂದೆ ಹೋದವು. ಅವಳೂ ಓಡಿದಳು. ಉಳಿದ ಗೊನೆ ನನ್ನ ಕೈಯಲ್ಲೇ ಇತ್ತು.