ಕಾಕಾರನ್ನು ಕೇಳದೆ ಕೊಟ್ಟ ಉತ್ತರ

ಇವತ್ತು ಬೆಳಿಗ್ಗೆ ನಮ್ಮ ಕೋಥರೂಡಿನ ಮನೆಯ ಲ್ಯಾಪ್‌ಟಾಪು, ಲಿನಕ್ಸ್‌ನ ಹೊಸ ಆವೃತ್ತಿ ಬಂದಿದೆ, ಅಪ್‌ಗ್ರೇಡ್ ಮಾಡಲೇ ಎಂದು ಕೇಳಿತು. ಚಹಾ ಆರುವವರೆಗೂ ಅದರ ಮುಖ ನೋಡುತ್ತ ಕೂತೆ. ಇಷ್ಟಕ್ಕೆಲ್ಲ ಹೆದರುವ ಪ್ರಾಣಿ ನಾನಾಗಿರಲಿಲ್ಲ. ನಿಮ್ಮೆದುರು ಹೇಳಲು ನಾಚಿಕೆ. ಒಂದು ಕಾಲಕ್ಕೆ ಯಾರ ಮನೆಗೆ ಊಟಕ್ಕೆ ಹೋದರೂ ಮೊದಲು ಅವರ ಕಂಪ್ಯೂಟರು ಎಷ್ಟು ಹಳೆಯದೆಂದು ನೋಡಿ, ಅಪ್‌ಗ್ರೇಡ್ ಮಾಡಲು ಕೂತುಬಿಡುತ್ತಿದ್ದೆ.

ಹಾಗೆ ನನ್ನ ಕೈಗೆ ಸಿಕ್ಕವರು ಇದೇ ನಗರದ ಸದಾಶಿವ ಪೇಠದ ವಸಂತ ಕಾಕಾ. ಮೂಲ ವಿಜಯಪುರದವರು, ಆಯುಷ್ಯವೆಲ್ಲ ಟೈಪಿಂಗ್ ಕ್ಲಾಸು ನಡೆಸಿದವರು. ಕೈ ನಡುಗಿ ಪೆನ್ನು ನಿಲ್ಲುತ್ತಿರಲಿಲ್ಲ; ಕೀಬೋರ್ಡ್ ಸಿಕ್ಕರೆ ಮಾತ್ರ ಬೆರಳುಗಳಿಗೆ ಪ್ರಾಯ ಬರುತ್ತಿತ್ತು. ಹಳೆಯ ಕನ್ನಡ ಟೈಪ್‌ರೈಟರಿನಲ್ಲಿ ಯಾವ ಅಕ್ಷರ ಎಲ್ಲಿತ್ತೋ ಅಲ್ಲೇ ಬರುವಂತೆ, ಒಂದು ಮಳೆಗಾಲವಿಡೀ ಕೂತು ಕಂಪ್ಯೂಟರಿನ ಒಂದು ಫೈಲನ್ನು ತಾವೇ ತಿದ್ದಿಕೊಂಡಿದ್ದರು. ಪ್ರತಿ ಗುರುವಾರ ಊರಿನ ಅಕ್ಕನಿಗೆ ಪತ್ರ ಟೈಪ್ ಮಾಡಿ ಅಂಚೆಗೆ ಹಾಕುತ್ತಿದ್ದರು. ಆಕೆಗೆ ಕಿವಿ ಪೂರಾ ಹೋಗಿತ್ತು; ಫೋನಿನಿಂದ ಉಪಯೋಗವಿರಲಿಲ್ಲ.

"ಎಲ್ಲಾ ಅಳಿಸಿ ಹೊಸದು ಹಾಕೂದು ಬ್ಯಾಡ್ರಿ ಕಾಕಾ, ಇದ್ದಲ್ಲೇ ಅಪ್‌ಗ್ರೇಡ್ ಮಾಡ್ತೀನಿ. ನಿಮ್ಮ ಸಾಮಾನು ಒಂದೂ ಅಲಗಾಡಂಗಿಲ್ಲ," ಎಂದೆ.

ನಡುವೆ ಯಂತ್ರ ನಿಂತಿತು. ಈ ಫೈಲನ್ನು ಯಾರೋ ತಿದ್ದಿದ್ದಾರೆ. ಅದನ್ನೇ ಇಡಲೇ, ಹೊಸದು ಹಾಕಲೇ ಎಂದು ಕೇಳಿತು.

ಪಕ್ಕದಲ್ಲೇ ಕೂತು ಚುರುಮುರಿ ತಿನ್ನುತ್ತಿದ್ದ ಕಾಕಾ ಕೇಳಿದರು, "ಏನ್ ಕೇಳಾಕತ್ತದಪಾ ಅದು?"

"ಏನಿಲ್ರಿ, ಸುಮ್ನ ತಲಿ ತಿಂತದ."

ಹೊಸದು ಹಾಕು ಎಂದು ಒತ್ತಿದೆ. ಯಂತ್ರ ನನಗಿಂತ ತಿಳಿದದ್ದು, ಹಳೆಯದನ್ನು ಪಕ್ಕಕ್ಕೆ ಎತ್ತಿಟ್ಟಿತ್ತು. ಕೊನೆಗೆ ಕಸ ಗುಡಿಸುವ ಹುರುಪಿನಲ್ಲಿ ನಾನೇ ಅದನ್ನೂ ಅಳಿಸಿದೆ. ಬೇರೆ ನಕಲು ಇರಲಿಲ್ಲ.

ಗುರುವಾರ ಕಾಕಾ ಒಂದು ಅಕ್ಷರ ಹೊಡೆದರೆ ತೆರೆಯ ಮೇಲೆ ಇನ್ನೊಂದು ಮೂಡಿತು. "ಹೊಸ ಆವೃತ್ತಿನೇ ಹಂಗರಿ," ಎಂದು ಸುಳ್ಳು ಹೇಳಿದೆ. ನೀವು ಹೇಳಿರಿ, ನಾನು ಟೈಪ್ ಮಾಡುತ್ತೇನೆ ಎಂದರೆ, "ಅಕ್ಕಗ ಬರಿಯೂದು ನಿನ್ನ ಮುಂದ ಹೆಂಗ ಒದರ್ಲೋ?" ಎಂದರು. ಹಾಗಾದರೆ ಯಾವ ಅಕ್ಷರ ಎಲ್ಲಿತ್ತು ಎಂದು ಕೇಳಿದೆ. "ಬಾಯಿಗೆ ಗೊತ್ತಿಲ್ಲಪಾ, ಬೆರಳಿಗೆ ಗೊತ್ತು."

ಮುಂದೆ ಪ್ರತಿ ರವಿವಾರ ಅವರು ಕಣ್ಣು ಮುಚ್ಚಿ ಒಂದೊಂದೇ ಕೀಲಿ ಒತ್ತುವುದು, ಆ ಫೈಲನ್ನು ಮತ್ತೆ ಕಟ್ಟಲೆಂದು ನಾನು ಬರೆದುಕೊಳ್ಳುವುದು. ಒತ್ತಕ್ಷರಗಳಿಗೆ ಬರುವಷ್ಟರಲ್ಲಿ ವಿಜಯಪುರದಿಂದ ಅಕ್ಕನ ಮಗಳ ಫೋನು ಬಂತು. ಅಕ್ಕ ತೀರಿಹೋಗಿದ್ದರು. ಎರಡು ತಿಂಗಳಿಂದ ಅಂಚೆಯವನನ್ನು ನಿಲ್ಲಿಸಿ ನಿಲ್ಲಿಸಿ ತಮ್ಮನ ಕಾಗದ ಕೇಳುತ್ತಿದ್ದರಂತೆ.

ಹದಿನೈದು ದಿನ ಬಿಟ್ಟು ಹೋಗಿ ನಿಜ ಹೇಳಿದೆ. ಕಾಕಾ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆನೇನೋ. "ಅದು ಕೇಳಿತ್ತಂದ್ರ... ನಾ ಅಲ್ಲೇ ಕುಂತಿದ್ನಲ್ಲೋ," ಎಂದರು, ಅಷ್ಟೇ.

ಇವತ್ತು ಬಹಳ ಹೊತ್ತಿನ ಮೇಲೆ ಹೆಂಡತಿಯನ್ನು ಕರೆದೆ. "ಇದರಾಗ ನೀ ಏನರ ತಿದ್ದಿಟ್ಟೀಯೇನು?"

"ನನ್ನ ಕೇಳಾಕತ್ತೀರೇನ್ರಿ? ಮೈಯಾಗ ಆರಾಮ ಅದನೋ ಇಲ್ಲೋ?" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಕುರ್ಚಿ ಎಳೆದು, "ಕೂಡು," ಎಂದೆ.