ಓಣಿಗೆ ಬಿದ್ದ ಕಾಯಿ

ನಮ್ಮ ಎನ್ನೆಸ್ಸೆಸ್ ಮೇಷ್ಟ್ರ ಕುತ್ತಿಗೆಗೆ ಎರಡು ಬಣ್ಣ. ಕಾಲರಿನಿಂದ ಮೇಲಕ್ಕೆ ಬಿಸಿಲು ಸುಟ್ಟ ಕಪ್ಪು, ಕೆಳಕ್ಕೆ ಗಂಜಿಯಂಥ ಬಿಳುಪು, ನಡುವೆ ದಾರ ಹಿಡಿದು ಎಳೆದ ಹಾಗೆ ಒಂದು ಗೆರೆ. ಶಿಬಿರದಲ್ಲಿ ಅಂಗಿ ಕಳಚಿ ಬೇಲಿಗೆ ನೇತುಹಾಕಿ, ಬನಿಯನ್ನಿನಲ್ಲಿ ಗುದ್ದಲಿ ಹಿಡಿದು ಬಗ್ಗಿದರೆ ಆ ಗೆರೆ ಎಲ್ಲರಿಗೂ ಕಾಣುತ್ತಿತ್ತು. ಹಿಂದೆ ನಿಂತ ನಾವು ಕಿಸಕ್ಕನೆ ನಗುತ್ತಿದ್ದೆವು. ಅವರು ತಿರುಗದೆಯೇ, "ನಗ್ರಪ್ಪ, ನಗ್ರಿ. ಯಾಕೆ ನಗು ಬಂತು ಅಂತ ಸಂಜೆ ಹೇಳಿದ್ರಾಯ್ತು" ಎನ್ನುತ್ತಿದ್ದರು. ಅಲ್ಲಿಗೆ ನಮ್ಮ ನಗು ನಿಂತುಹೋಗುತ್ತಿತ್ತು.

ಇದೇ ಅವರ ಕಾಟ. ಏನು ಮಾಡಿದರೂ ಸಂಜೆ ಹೇಳಬೇಕು. ನಾನು ನೊಣವಿನಕೆರೆಯಿಂದ ಬಸ್ಸಿನಲ್ಲಿ ತಿಪಟೂರಿಗೆ ಬಂದು ಡಿಗ್ರಿ ಓದುತ್ತಿದ್ದವಳು. ಎನ್ನೆಸ್ಸೆಸ್ ಸೇರಿದ್ದು ದೇಶಸೇವೆಗೇನಲ್ಲ. ಸರ್ಟಿಫಿಕೇಟ್ ಸಿಗುತ್ತದೆ, ಒಂದು ವಾರ ಮನೆಯ ದನ ಕರು ಸಗಣಿ ತಪ್ಪುತ್ತದೆ ಎಂದು ಸೇರಿದ್ದೆ. ಅಲ್ಲಿ ಈ ಮನುಷ್ಯ ಗಂಟುಬಿದ್ದರು. ತರಗತಿಯಲ್ಲಿ ಅರ್ಥಶಾಸ್ತ್ರ ಹೇಳುವಾಗ ಎಷ್ಟು ಸಪ್ಪೆಯೋ, ಶಿಬಿರದಲ್ಲಿ ಅಷ್ಟೇ ತಲೆ ತಿನ್ನುತ್ತಿದ್ದರು.

ಬೇರೆ ಕಾಲೇಜುಗಳ ಶಿಬಿರದಲ್ಲಿ ಸಂಜೆಯ ಸಭೆಯೆಂದರೆ ಹಾಡು, ಡ್ಯಾನ್ಸು, ಊರ ಪ್ರಮುಖರ ಭಾಷಣ. ನಮ್ಮಲ್ಲಿ ಎಲ್ಲರೂ ದುಂಡಗೆ ಕೂರಬೇಕು, ಒಬ್ಬೊಬ್ಬರೇ ಬಾಯಿ ಬಿಡಬೇಕು. "ಸಾರ್, ಇವತ್ತು ನಾವು ಚರಂಡಿ ಕ್ಲೀನ್ ಮಾಡಿದ್ವಿ" ಎಂದು ಯಾರಾದರೂ ಶುರು ಮಾಡಿದರೆ ಕೈ ಎತ್ತಿ ತಡೆಯುತ್ತಿದ್ದರು. "ಚರಂಡೀನ ನಾಳೆ ಬೆಳಕಲ್ಲಿ ನಾನೇ ನೋಡ್ತೀನಿ. ನಿನಗೇನಾಯ್ತು, ಅದು ಹೇಳು." ಏನಾಗುತ್ತದೆ ಚರಂಡಿ ತೆಗೆದರೆ? ಸೊಂಟ ನೋಯುತ್ತದೆ. ಹಾಗೆಂದರೆ, "ಸೊಂಟ ಬಿಡು, ಅದಕ್ಕೆ ಎಣ್ಣೆ ಐತೆ" ಎನ್ನುವರು. ಒಮ್ಮೆ ಒಬ್ಬ ಹುಡುಗ ರೇಗಿ, "ನಮ್ಮ ಬ್ಯಾಡ್ಜ್ ಮೇಲೆ 'ನನಗಲ್ಲ, ನಿನಗೆ' ಅಂತ ಐತಲ್ಲ ಸಾರ್, ನಮ್ಮ ವಿಷಯ ಯಾಕೆ?" ಎಂದು ಕೇಳಿಬಿಟ್ಟ. ಮೇಷ್ಟ್ರು ಸಿಟ್ಟಾಗಲಿಲ್ಲ. "ನನಗೇನು ಬೇಕಾಗಿತ್ತು ಅಂತ್ಲೇ ಗೊತ್ತಿಲ್ದೋನು 'ನನಗಲ್ಲ' ಅಂದ್ರೆ ಅದು ಬರೀ ಬಾಯಿಮಾತು ಕಣಪ್ಪ" ಎಂದರು. ಇಂಥ ಮಾತು ಕೇಳಿದರೆ ಆಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಸುಳ್ಳೇಕೆ ಹೇಳಲಿ, ಈಗಲೂ ಸ್ವಲ್ಪ ಉರಿಯುತ್ತದೆ.

ಎರಡನೇ ವರ್ಷದ ಶಿಬಿರ ಬಿಳಿಗೆರೆಯಿಂದಾಚೆಗಿನ ಒಂದು ಊರಿನಲ್ಲಿ ನಡೆಯಿತು. ಅಲ್ಲಿ ಹಿಂದಲ ಕೇರಿಯಿಂದ ಶಾಲೆಗೆ ಬರಲು ಎರಡು ತೋಟಗಳ ನಡುವೆ ಒಂದು ಓಣಿ ಇತ್ತು. ಓಣಿ ತುಂಬ ಲಂಟಾನ ಬೆಳೆದು ಕೇರಿಯ ಮಕ್ಕಳೆಲ್ಲ ಹೆದ್ದಾರಿಯ ಅಂಚು ಹಿಡಿದು, ಲಾರಿಗಳ ಪಕ್ಕದಲ್ಲಿ ನಡೆದು ಶಾಲೆಗೆ ಬರುತ್ತಿದ್ದವು. ಮೇಷ್ಟ್ರಿಗೆ ಅದೊಂದೇ ಹಟ. ಶಿಬಿರ ಮುಗಿಯುವುದರೊಳಗೆ ಓಣಿ ತೆರೆಯಬೇಕು, ಮಕ್ಕಳು ಅದರಲ್ಲಿ ಓಡಾಡಬೇಕು. ಗಿಡ ನೆಡುವುದು, ಜಾಥಾ, ಬೀದಿನಾಟಕ ಎಲ್ಲ ಕೈಬಿಟ್ಟು ಎಲ್ಲರನ್ನೂ ಓಣಿಗೆ ಹಚ್ಚಿದರು. ನನ್ನನ್ನು ಶಿಬಿರದ ನಾಯಕಿ ಮಾಡಿದರು.

ಎರಡು ತೋಟಗಳೂ ಅಣ್ಣ ತಮ್ಮ ಇಬ್ಬರವು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎನ್ನುತ್ತಾರಲ್ಲ, ಹಾಗೆ. ತಮ್ಮನ ತೋಟದ ಅಂಚಿನ ತೆಂಗಿನ ಮರಗಳು ಓಣಿಯ ಮೇಲೆ ವಾಲಿದ್ದವು. ಮರ ನನ್ನದು, ಕಾಯಿ ನನ್ನದು ಎಂದು ತಮ್ಮ. ಓಣಿಗೆ ಬಿಟ್ಟ ಜಾಗ ನನ್ನ ಪಾಲಿನಿಂದ ಹೋದದ್ದು, ಅಲ್ಲಿ ಬಿದ್ದದ್ದು ನನ್ನದು ಎಂದು ಅಣ್ಣ. ಕೊನೆಗೆ ಇಬ್ಬರೂ ಮುಟ್ಟುತ್ತಿರಲಿಲ್ಲ, ಊರವರೂ ಮುಟ್ಟುತ್ತಿರಲಿಲ್ಲ. ಬಿದ್ದ ಕಾಯಿ ಬಿದ್ದಲ್ಲೇ ಕೊಳೆತು, ಕೆಲವು ಮೊಳಕೆ ಒಡೆದು ಸಸಿಯಾಗಿದ್ದವು. ಇದಿಷ್ಟೂ ನಮಗೆ ಆಮೇಲೆ ತಿಳಿದದ್ದು. ಮೊದಲೇ ಯಾರಾದರೂ ಒಂದು ಮಾತು ಹೇಳಿದ್ದರೆ ಯಾರ ಗಂಟು ಹೋಗುತ್ತಿತ್ತು?

ತೆಂಗಿನ ಸೀಮೆಯಲ್ಲಿ ಹುಟ್ಟಿದ ಮಕ್ಕಳಿಗೆ ಬಿದ್ದ ಕಾಯಿ ಕಂಡರೆ ಸುಮ್ಮನೆ ದಾಟಿ ಹೋಗಲಾಗುವುದಿಲ್ಲ. ತೋಟ ಯಾರದ್ದೇ ಆಗಲಿ, ಎತ್ತಿ ಆ ಮರದ ಬುಡಕ್ಕೆ ಇಟ್ಟು ಹೋಗಬೇಕು. ನಡೆಯಲು ಕಲಿತಾಗಿನಿಂದ ಅಪ್ಪ ಅಮ್ಮ ಕಲಿಸಿದ್ದು ಅದನ್ನೇ. ಬೆಂಗಳೂರಿನ ಹುಡುಗರಾಗಿದ್ದರೆ ಒದ್ದು ಪಕ್ಕಕ್ಕೆ ತಳ್ಳುತ್ತಿದ್ದರೋ ಏನೋ. ನಾವು ಒದೆಯುವ ಪೈಕಿ ಅಲ್ಲ. ಆ ದಿನ ಮೇಷ್ಟ್ರು ದಿನಸಿ ತರಲು ತಿಪಟೂರಿಗೆ ಹೋಗಿದ್ದರು. ಲಂಟಾನ ಕಡಿಯುತ್ತಾ ಹೋದಂತೆ ಕಾಯಿಗಳು ಸಿಕ್ಕವು. "ಎಲ್ಲಾ ಎತ್ತಿ ಆಯಾ ಮರದ ಬುಡಕ್ಕಿಡ್ರೋ" ಎಂದೆ. ಇಟ್ಟರು. ಸಂಜೆಗೆ ತಮ್ಮನ ತೋಟದ ಅಂಚಿನಲ್ಲಿ ಬುಡಬುಡಕ್ಕೂ ಕಾಯಿ ಗುಡ್ಡೆ. ನೋಡಲು ಚೆಂದವಾಗಿತ್ತು.

ಮಾರನೆಯ ಬೆಳಗ್ಗೆ ಅಣ್ಣ ನಾವು ಉಳಿದುಕೊಂಡಿದ್ದ ಶಾಲೆಯ ಅಂಗಳಕ್ಕೆ ಬಂದು ನಿಂತರು. ಓಣಿಯ ತನ್ನ ಮನೆ ಕಡೆಯ ತುದಿಗೆ ಆಗಲೇ ಜಾಲಿಮುಳ್ಳು ಜಡಿದು ಬಂದಿದ್ದರು. "ನನ್ ತಮ್ಮ ಕಾಲೇಜ್ ಹುಡುಗ್ರನ್ನ ಬುಟ್ಟು ನನ್ ಕಾಯಿ ಅವನ್ ತ್ವಾಟಕ್ಕೆ ಹಾಕ್ಸವ್ನೆ. ಇದೇನ್ ಸೇವೆನೋ, ಪಂಚಾಯ್ತಿಯೋ?" ಎಂದು ಕೂಗಾಡಿದರು. ಮೇಷ್ಟ್ರು ಕೈಮುಗಿದು ನಿಂತಿದ್ದರು. ನನಗೆ ತಡೆಯಲಿಲ್ಲ. "ನಾವು ಮಾಡಿರೋದು ಸರಿಯಾಗೇ ಐತೆ. ತಪ್ಪು ಅನ್ನೋರು ಬಂದು ತೋರಿಸ್ಲಿ" ಎಂದೆ. ಆ ಮಾತು ಮಧ್ಯಾಹ್ನದೊಳಗೆ ಊರೆಲ್ಲ ಸುತ್ತಿತು. ಅಣ್ಣ ಮುಚ್ಚಿದ ಮೇಲೆ ನಾನೇನು ಕಮ್ಮಿ ಎಂದು ತಮ್ಮನೂ ತನ್ನ ತುದಿಗೆ ಮುಳ್ಳು ಹಾಕಿದರು.

ಮೇಷ್ಟ್ರು ನನ್ನ ಪರವಾಗಿ ಒಂದು ಮಾತು ಆಡುತ್ತಾರೆ ಎಂದು ಕಾದೆ. ಅವರು ನನ್ನನ್ನು ಪಕ್ಕಕ್ಕೆ ಕರೆದು, "ಈಗ ನಿನ್ನೊಳಗೆ ಏನು ನಡೀತಿದೆ ಕಣಮ್ಮ?" ಎಂದರು.

"ಏನೂ ಇಲ್ಲ ಸಾರ್."

"ಏನೂ ಇಲ್ದೋಳ ಕೈ ಯಾಕೆ ಆ ಬ್ಯಾಡ್ಜನ್ನ ಹಂಗೆ ತಿರುಚ್ತಾ ಇದೆ?"

ಕೈ ಹಿಂದಕ್ಕೆ ಕಟ್ಟಿಕೊಂಡೆ. ಊರು ಹತ್ತಿ ಉರಿಯುತ್ತಿರುವಾಗ ಈ ಮನುಷ್ಯನಿಗೆ ನನ್ನ ಕೈ ಬೇಕೆ ಎಂದು ಹಲ್ಲು ಕಡಿದೆ. ಅವರು ಅಷ್ಟಕ್ಕೇ ಬಿಡಲಿಲ್ಲ. "ಬಾ, ಇಬ್ಬರ ಮನೆಗೂ ಹೋಗಿ ಬರೋಣ. ಒಂದೇ ಮಾತು, ನೀನು ಬಾಯಿ ಬಿಡಂಗಿಲ್ಲ" ಎಂದು ಹೊರಡಿಸಿದರು.

ಅಣ್ಣನ ಮನೆಯ ಜಗಲಿಯಲ್ಲಿ ಮೇಷ್ಟ್ರ ಪಕ್ಕ ಕೂತೆ. ಅವರು ಏನೂ ಕೇಳಲಿಲ್ಲ, ಬುದ್ಧಿ ಹೇಳಲಿಲ್ಲ, ಓಣಿಯ ಹೆಸರೆತ್ತಲಿಲ್ಲ. "ಹೇಳಿ ಯಜಮಾನ್ರೇ" ಎಂದರು, ಅಷ್ಟೆ. ಅಣ್ಣ ತಾತನ ಕಾಲದಿಂದ ಶುರು ಮಾಡಿದರು. ಪಾಲಾದ ದಿನ ಯಾರು ಯಾವ ಮರದ ಕೆಳಗೆ ನಿಂತಿದ್ದರು, ಯಾವ ಸೊಸೆ ಏನಂದಳು, ಅವ್ವ ಸತ್ತಾಗ ಹಾಲು ತುಪ್ಪಕ್ಕೆ ತಮ್ಮ ಎಷ್ಟು ಹೊತ್ತಿಗೆ ಬಂದ, ಎಲ್ಲ ಬಂತು. ಮೇಷ್ಟ್ರು ಹೂಂಗುಟ್ಟುತ್ತಿದ್ದರು. ನನ್ನ ಬಾಯಿ ಕಡಿಯುತ್ತಿತ್ತು. ಮಾತಿನ ಕೊನೆಗೆ ಅಣ್ಣ ಟವೆಲ್ ಒದರಿ ಹೆಗಲಿಗೆ ಹಾಕಿಕೊಂಡು, "ನಾನ್ ಮಾಡಿರೋದು ಸರಿಯಾಗೇ ಐತೆ. ತಪ್ಪು ಅನ್ನೋನು ಬಂದು ತೋರಿಸ್ಲಿ" ಎಂದರು.

ಬೆಳಗ್ಗೆ ಶಾಲೆಯ ಅಂಗಳದಲ್ಲಿ ನಾನು ಆಡಿದ ಮಾತು ಅದು. ಅವರು ನನ್ನನ್ನು ಅಣಕಿಸುತ್ತಿದ್ದಾರೆಯೇ ಎಂದು ಮುಖ ನೋಡಿದೆ. ಇಲ್ಲ, ತಮ್ಮ ಪಾಡಿಗೆ ಆಡಿದ್ದರು. ಅಲ್ಲಿಂದ ತಮ್ಮನ ಮನೆಗೆ ಹೋದೆವು. ಅಲ್ಲೂ ಅದೇ ತಾತ, ಅದೇ ಪಾಲು, ಅದೇ ಅವ್ವ. ಕೊನೆಗೆ ಅದೇ ಮಾತು. ಮೂರು ಜನ ಒಂದೇ ಮಾತು ಆಡುತ್ತಿದ್ದೇವೆ, ಮಕ್ಕಳು ಹೆದ್ದಾರಿಯಲ್ಲಿ ನಡೆಯುತ್ತಿದ್ದಾರೆ. ಓಣಿ ತೆರೆಯಲಿ ಎಂಬುದಕ್ಕಿಂತ ನಾನು ಗೆಲ್ಲಲಿ ಎಂಬುದೇ ನನ್ನೊಳಗೆ ದೊಡ್ಡದಾಗಿ ಕೂತಿತ್ತು. ಇದನ್ನು ಕಂಡುಕೊಂಡರೆ ಮನಸ್ಸು ಹಗುರಾಗುತ್ತದೆ ಎಂದು ಪುಸ್ತಕದಲ್ಲಿ ಬರೆಯುತ್ತಾರೆ. ನನಗೇನೂ ಹಗುರಾಗಲಿಲ್ಲ. ಮೇಷ್ಟ್ರ ಮೇಲಿನ ಸಿಟ್ಟು ಇನ್ನಷ್ಟು ಹೆಚ್ಚಾಯಿತು. ಸಂಜೆ ಸಭೆಯಲ್ಲಿ ಇದನ್ನು ಹೇಳಿದೆ. ಅವರು, "ಹೂಂ. ಮುಂದಿನೋರು ಹೇಳಿ" ಎಂದರು. ಭೇಷ್ ಅನ್ನಲಿಲ್ಲ, ಬೆನ್ನು ತಟ್ಟಲಿಲ್ಲ. ಶಿಬಿರ ಮುಗಿಯಿತು. ಓಣಿ ತೆರೆಯಲಿಲ್ಲ.

ಪ್ರಿನ್ಸಿಪಾಲರಿಗೆ ವರದಿಯಲ್ಲಿ ಓಣಿ ನಿರ್ಮಾಣವಾಯಿತು ಎಂದು ಬೇಕಿತ್ತು. ಲಂಟಾನ ಕಡಿಯುವ ಫೋಟೋ ಇದ್ದವಲ್ಲ, ಸಾಕಿತ್ತು. ಮೇಷ್ಟ್ರು "ಓಣಿ ತೆರೆಯಲು ಆಗಲಿಲ್ಲ" ಎಂದೇ ಬರೆದರು. ಮುಂದಿನ ವರ್ಷ ಎನ್ನೆಸ್ಸೆಸ್ ಅವರ ಕೈತಪ್ಪಿ, ಫೋಟೋ ಚೆನ್ನಾಗಿ ತೆಗೆಸುವ ಇನ್ನೊಬ್ಬರಿಗೆ ಹೋಯಿತು. ಮೇಷ್ಟ್ರು ಜಗಳ ಆಡಲಿಲ್ಲ. ಆಡಬೇಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ಎಲ್ಲದಕ್ಕೂ ಹೂಂ ಅನ್ನುವವರನ್ನು ಕಂಡರೆ ನನಗಾಗುವುದಿಲ್ಲ. ರಿಟೈರಾಗುವವರೆಗೂ ಸಪ್ಪೆ ಅರ್ಥಶಾಸ್ತ್ರ ಹೇಳಿದರು. ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಆಗೊಮ್ಮೆ ಈಗೊಮ್ಮೆ ಸಿಗುತ್ತಿದ್ದರು. "ಎಲ್ಲಿಗೆ ಸಾರ್?" ಎಂದರೆ, "ಇಲ್ಲೇ, ಒಂದೂರಿಗೆ" ಎನ್ನುತ್ತಿದ್ದರು. ಹೋದ ವರ್ಷ ಶ್ರಾವಣದಲ್ಲಿ ತೀರಿಕೊಂಡರು. ನನಗೆ ಸುದ್ದಿ ತಿಳಿಯುವ ಹೊತ್ತಿಗೆ ಮಣ್ಣು ಮುಗಿದಿತ್ತು.

ಈಗ ನಾನೇ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ, ಎನ್ನೆಸ್ಸೆಸ್ ಕೂಡ ನನ್ನ ತಲೆಗೇ ಕಟ್ಟಿದ್ದಾರೆ. ಮೊನ್ನೆ ನಮಗೆಲ್ಲ ಒಂದು ದಿನದ ತರಬೇತಿ ಕೊಟ್ಟರು. ವಿಷಯ, ವಿದ್ಯಾರ್ಥಿಗಳಲ್ಲಿ ಸ್ವಯಂ ಅರಿವು. ಕೋಟು ಹಾಕಿಕೊಂಡು ಬಂದ ಯುವಕ ಪರದೆಯ ಮೇಲೆ ಕನ್ನಡಿಯ ಚಿತ್ರ ತೋರಿಸಿದ. ನಗುಮುಖದ ಚೀಟಿ ಹಂಚಿ, ಈಗ ನಿಮಗೆ ಏನನಿಸುತ್ತಿದೆಯೋ ಅದನ್ನು ಎದೆಗೆ ಅಂಟಿಸಿಕೊಳ್ಳಿ ಎಂದ. ಅಂಟಿಸಿಕೊಂಡೆವು. ಊಟದೊಳಗೆ ಫೋಟೋ ಅಪ್‌ಲೋಡ್ ಆಗಬೇಕು ಎಂದು ಅವಸರಪಡಿಸಿದರು. ನನಗೆ ತಲೆ ಕೆಟ್ಟುಹೋಯಿತು. ಫಾರಮಿನಲ್ಲಿ ಈ ಸಲದ ಶಿಬಿರ ಎಲ್ಲಿ ಎಂದು ಬರೆಯುವ ಜಾಗದಲ್ಲಿ ಸಿಟ್ಟಿನಲ್ಲೇ ಓಣಿಯಿದ್ದ ಆ ಊರಿನ ಹೆಸರು ಬರೆದೆ.

ಭಾನುವಾರ ಹೋದೆ. ಓಣಿಯ ಎರಡು ತುದಿಯಲ್ಲೂ ಮುಳ್ಳಿತ್ತು. ಮಕ್ಕಳು ಇನ್ನೂ ಹೆದ್ದಾರಿಯಲ್ಲೇ ನಡೆಯುತ್ತವೆ, ಲಾರಿ ಮಾತ್ರ ಜಾಸ್ತಿಯಾಗಿವೆ. ಅಣ್ಣನಿಗೆ ವಯಸ್ಸಾಗಿದೆ, ಜಗಲಿ ಅದೇ. ಯಾರೆಂದು, ಈ ಸಲದ ಶಿಬಿರ ಇಲ್ಲೇ ಎಂದು ಹೇಳಿಕೊಂಡು ಕೂತೆ. ಅವರು ಕಣ್ಣು ಕಿರಿದು ಮಾಡಿ ನೋಡಿದರು.

"ಓ, ಮೂತಿ ಊದಿಸ್ಕಂಡು ಕೂತಿದ್ದ ಹುಡುಗಿ ಅಲ್ವಾ ನೀನು? ನಿಮ್ ಮೇಷ್ಟ್ರು ಹೋಗ್ಬುಟ್ರಂತೆ."

"ಹೂಂ ಕಣಪ್ಪ."

"ತಿಂಗ್ಳಿಗೊಂದು ಸಲನಾದ್ರೂ ಬರೋರು. ಇಲ್ಲಿ ಕೂತು ಕಾಪಿ ಕುಡಿಯೋರು, ಆಮೇಲೆ ಅವನ ಮನೇಲಿ ಕೂರೋರು."

ಬಸ್‌ಸ್ಟ್ಯಾಂಡಿನ 'ಒಂದೂರು' ಯಾವುದೆಂದು ನನಗೆ ಆಗ ತಿಳಿಯಿತು. "ಯಾಕೆ ಬರೋರು?" ಎಂದು ಕೇಳಿದೆ.

"ನಿಮ್ ಶಿಬಿರ ಮುಗಿದ ಮಾರನೇ ದಿನ ಒಬ್ರೇ ಬಂದಿದ್ರು. 'ಕಾಯಿ ಎತ್ತಿ ಬುಡಕ್ಕಿಡ್ರಿ ಅಂದೋನು ನಾನೇ ಯಜಮಾನ್ರೇ, ಹುಡುಗ್ರುದೇನೂ ತಪ್ಪಿಲ್ಲ, ಅವರ ಮೇಲೆ ಮನಸ್ನಾಗೆ ಏನೂ ಇಟ್ಕೋಬ್ಯಾಡಿ' ಅಂದ್ರು. ಮುಖ ಬೆವರ್ತಿತ್ತು." ಅಣ್ಣ ಒಂದು ಸಲ ಕೆಮ್ಮಿ, ನಕ್ಕರು. "ಕಾಯಿ ಎತ್ತಿಟ್ಟ ದಿನ ಅವರು ಊರಾಗೇ ಇರ್ಲಿಲ್ಲ ಕಣವ್ವ. ದಿನಸಿ ಮೂಟೆ ಹಿಡ್ಕಂಡು ತಿಪಟೂರಿಂದ ಸಂಜೆ ಬಸ್ಸಿಗೆ ಬಂದ್ರು. ಅದೇ ಬಸ್ಸಲ್ಲಿ ಹಿಂದಲ ಸೀಟ್ನಾಗೆ ನಾನೂ ಇದ್ದೆ. ಸುಳ್ಳು ಹೇಳಾಕೆ ಬರದೋರು ಸುಳ್ಳು ಹೇಳ್ತಾವ್ರಲ್ಲ, ಇವರ ಮುಂದೆ ಏನ್ ಜಗಳ ಮಾಡದು ಅಂತ ಕಾಪಿ ಕೊಟ್ಟೆ. ಆವತ್ತಿಂದ ಬರೋಕೆ ಶುರು ಮಾಡಿದ್ರು."

ನನ್ನ ಪರ ಒಂದು ಮಾತು ಆಡಲಿಲ್ಲವೆಂದು ಇಷ್ಟು ವರ್ಷ ಹಲ್ಲು ಕಡಿದವಳು ನಾನು. ಆಡಿದ್ದರು, ನನಗೆ ಕೇಳಿಸದ ಕಡೆ. ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ. ಒರೆಸಿಕೊಳ್ಳುವಾಗಲೂ ಸಿಟ್ಟು ಬಂತು. ಬಸ್‌ಸ್ಟ್ಯಾಂಡಿನಲ್ಲಿ ಅಷ್ಟು ಸಲ ಸಿಕ್ಕರಲ್ಲ, ಒಂದು ಸಲ ಹೇಳಿದ್ದರೆ ನಾನೂ ಜೊತೆಗೆ ಹತ್ತುತ್ತಿದ್ದೆ. ಬೈಯೋಣವೆಂದರೆ ಆ ಮನುಷ್ಯ ಇಲ್ಲ.

ಅಣ್ಣನೇ ಮಾತೆತ್ತಿದರು. "ಶಿಬಿರ ಇಲ್ಲೇ ಮಾಡ್ತೀಯಂತೆ. ಮಾಡ್ಕೋ. ಓಣಿ ಬುಡ್ತೀನಿ ಅಂತ ನನ್ ಬಾಯಲ್ಲಿ ಹೇಳಿಸ್ಬ್ಯಾಡ. ನೀವು ಮುಳ್ಳು ತೆಗೆಯೋ ದಿನ ಯಾವ್ದು ಅಂತ ಮುಂಚೇಲೇ ತಿಳಿಸ್ಬುಡು. ಆವತ್ತು ನಾನು ಊರಾಗೆ ಇರಕಿಲ್ಲ. ತಿಪಟೂರಿಗೆ ಹೋಗಿರ್ತೀನಿ."

ಕೈಮುಗಿದು ಎದ್ದೆ. ಇನ್ನೊಂದು ತುದಿಯ ಮುಳ್ಳು ತಮ್ಮನದು. ಅವರ ಮನೆಯ ಜಗಲಿ ಹತ್ತಿದೆ. ಅವರು ತಾತನ ಕಾಲದಿಂದ ಶುರು ಮಾಡಿದರು. ಕಡೆಯ ಬಸ್ಸಿಗೆ ಹೊತ್ತಾಗುತ್ತಿತ್ತು. ಹೇಳುವುದಕ್ಕೆ ನನ್ನ ಹತ್ತಿರ ಬೇಕಾದಷ್ಟಿತ್ತು. ಮೇಷ್ಟ್ರ ಋಣ ತೀರಿಸಲು ನನಗೆ ಉಳಿದಿರುವುದು ಇದೊಂದೇ ಜಾಗ ಎಂದುಕೊಂಡು, ಹೂಂಗುಟ್ಟುತ್ತಾ ಕೂತೆ.